ಮೈಸೂರಿಗೆ ಮೂರು ರಾತ್ರಿ

ತಿಂಗಳಿಗೆ ಎರಡು ಶನಿವಾರ, ಮಧ್ಯಾಹ್ನ ಎರಡರ ಹೊತ್ತಿಗೆ, ಹೊನ್ನಾವರದ ಬಸ್ ಸ್ಟ್ಯಾಂಡಿನಲ್ಲಿ ಅಮೂಲ್ಯಾ ತಾಯಿಯ ಕೈಯಿಂದ ತಂದೆಯ ಕೈಗೆ ಬರುತ್ತಿದ್ದಳು. ಶ್ರೀಗೌರಿ ಭಟ್ಕಳದಿಂದ ಅವಳನ್ನು ಕರೆತರುತ್ತಿದ್ದಳು. ಸುದರ್ಶನ ಕುಮಟೆಯಿಂದ ಬಂದು ಕಾಯುತ್ತಿದ್ದ. ಅವರಿಬ್ಬರ ನಡುವೆ ಆಗುವ ಮಾತು ಇಷ್ಟೇ.

"ಕೆಮ್ಮು ಇದ್ದು. ಔಷಧ ಬ್ಯಾಗಲ್ಲಿದ್ದು."

"ಹ್ಞಾಂ."

"ನಾಳೆ ಐದು ಗಂಟೆ."

"ಆತು."

ಆಮೇಲೆ ಒಬ್ಬರು ತೆಂಕಲ ಕಡೆಯ ಬಸ್ಸು ಹತ್ತುವರು, ಇನ್ನಿಬ್ಬರು ಬಡಗಲ ಕಡೆಯದು.

ಮದುವೆಯಾಗಿ ಒಂಬತ್ತನೆಯ ವರ್ಷ ಶ್ರೀಗೌರಿಗೆ ಭಟ್ಕಳದ ಹೈಸ್ಕೂಲಿನಲ್ಲಿ ಗಣಿತ ಟೀಚರ್ ಕೆಲಸ ಸಿಕ್ಕಿತು. ಸುದರ್ಶನನದು ಕುಮಟೆಯಲ್ಲಿ ಔಷಧದ ಅಂಗಡಿ, ಅದನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಅವಳು ಒಂದೂವರೆ ವರ್ಷ ಬೆಳಿಗ್ಗೆ ಆರಕ್ಕೆ ಹೊರಟು ಸಂಜೆ ಏಳಕ್ಕೆ ಬರುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಯಿತು, ಸಿಡುಕು ಹೆಚ್ಚಾಯಿತು. ಅವಳು ಭಟ್ಕಳದಲ್ಲಿ ಬಾಡಿಗೆ ಮನೆ ಮಾಡಿದಳು. ಮೊದಲು ವಾರದ ಮಟ್ಟಿಗೆ ಎಂದಿದ್ದದ್ದು ಕೊನೆಗೆ ಕೋರ್ಟಿನಲ್ಲಿ ಮುಗಿಯಿತು. ಈಗ ಎರಡು ವರ್ಷ. ಹನ್ನೊಂದರ ಅಮೂಲ್ಯಾ ತಾಯಿಯ ಹತ್ತಿರ. ತಂದೆಗೆ ತಿಂಗಳಿಗೆ ಎರಡು ಶನಿವಾರ-ಭಾನುವಾರ, ಮೇ ತಿಂಗಳಲ್ಲಿ ಹತ್ತು ದಿನ.

ಹೋದ ಮೇ ತಿಂಗಳ ಹತ್ತು ದಿನ ಸುದರ್ಶನ ಅಂಗಡಿಯಲ್ಲೇ ಇದ್ದ, ಮಗಳು ಅಜ್ಜನ ಮೊಬೈಲು ಹಿಡಿದು ಕೂತಿದ್ದಳು. ಹತ್ತನೆಯ ದಿನ ಹೊನ್ನಾವರದಲ್ಲಿ ಅವಳು ತಾಯಿಯ ಕಡೆಗೆ ಓಡಿದ್ದನ್ನು ಅವನು ಮರೆತಿರಲಿಲ್ಲ. ಅದಕ್ಕೇ ಈ ಸಲ ಮಾರ್ಚಿನಲ್ಲೇ, ರಾತ್ರಿ ಊಟಕ್ಕೆ ಕೂತಾಗ ಸುದ್ದಿ ತೆಗೆದ.

"ಮೇ ತಿಂಗಳಲ್ಲಿ ತಿರುಗಲೆ ಹೋಪನ. ಮೃಗಾಲಯ, ಮತ್ಸ್ಯಾಲಯ ಎಲ್ಲ. ಎಲ್ಲಿಗೆ ಹೇಳಿ ನೀನೇ ಆರಿಸು ಅಮೂಲ್ಯಾ."

ಅಮೂಲ್ಯಾ ತಲೆಯೆತ್ತಿದಳು. "ಜಿರಾಫೆ ಎಲ್ಲಿದ್ದು?"

"ಮೈಸೂರಲ್ಲಿದ್ದು."

"ನಿಜವಾದ್ದಾ?"

"ನಿಜವಾದ್ದು ಅಲ್ದೆ ಮತ್ತೆಂತು, ಪ್ಲಾಸ್ಟಿಕ್ಕಿಂದಾ?"

"ಆನೂ ಬತ್ತೆ," ಎಂದು ತಾವೂ ಸೇರಿಕೊಂಡರು ಅಜ್ಜ ತ್ರ್ಯಂಬಕ. ಅಂಚೆ ಇಲಾಖೆಯಲ್ಲಿ ನಿವೃತ್ತರಾಗಿ ಹದಿನೆಂಟು ವರ್ಷವಾಗಿತ್ತು. "ಎಪ್ಪತ್ತೆಂಟಾತು. ಒಂದು ಹುಲಿ ನೋಡಿದ್ನಿಲ್ಲೆ."

"ಕತಗಾಲದ ಮನೆಲಿ ಇಪ್ಪಕಾದ್ರೆ ಕೊಟ್ಟಿಗೆಗೆ ಹುಲಿ ಬಂದಿತ್ತು ಹೇಳಿ ಊರೆಲ್ಲ ಹೇಳ್ಕಂಡು ಬಂದಿದ್ರಿ?" ಎಂದಳು ಅಜ್ಜಿ ಮಹಾಲಕ್ಷ್ಮೀ.

"ಹೆಜ್ಜೆ ನೋಡಿದ್ದು. ಹುಲಿ ನೋಡಿದ್ದು ಹೇಳಿ ಯಾವಾಗ ಹೇಳಿದ್ದೆ?"

ಅಮೂಲ್ಯಾ ನಕ್ಕಳು. ಆ ಮನೆಯಲ್ಲಿ ಅವಳು ನಗುವುದು ಅಪರೂಪವಾದ್ದರಿಂದ ಮೂವರೂ ಅವಳನ್ನೇ ನೋಡಿದರು. ಅವಳು ನಗು ನಿಲ್ಲಿಸಿ ಸಾರನ್ನದ ಕಡೆ ಬಗ್ಗಿದಳು.

ಮರುದಿನ ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸ್ಕೇಲಿನಿಂದ ಗೆರೆ ಎಳೆದು ನಾಲ್ಕು ಜಾಗ ಬರೆದಳು. ಕಾರವಾರದ ಮತ್ಸ್ಯಾಲಯ, ಮಂಗಳೂರಿನ ಪಿಲಿಕುಳ, ಶಿವಮೊಗ್ಗದ ತ್ಯಾವರೆಕೊಪ್ಪ, ಮೈಸೂರು. ಎದುರಿಗೆ ದೂರ, ಪ್ರಾಣಿಗಳು, ವಾರದ ರಜೆ. ಮೈಸೂರಿನಲ್ಲಿ ಮಂಗಳವಾರ ಬಂದ್ ಎಂದು ತಾನೇ ಮೊಬೈಲಿನಲ್ಲಿ ಹುಡುಕಿ ಬರೆದಳು. ಕೊನೆಯ ಕಾಲಮ್ಮಿನ ಮೇಲೆ 'ರಾ' ಎಂದಷ್ಟೇ ಇತ್ತು. ಸುದರ್ಶನ ಅದನ್ನು ಗಮನಿಸಲಿಲ್ಲ. ಜಿರಾಫೆ ಎಂಬ ಪದಕ್ಕೆ ಅವಳು ಎರಡು ಅಡಿಗೆರೆ ಎಳೆದಿದ್ದನ್ನು ನೋಡಿ ಅವನಿಗೆ ಸಂತೋಷವಾಗಿತ್ತು. ವಾರದ ನಡುವೆ ರೈಲಿನ ವೇಳೆ ಕೇಳಿಕೊಂಡು ಬಂದ. ಮೈಸೂರಿನಲ್ಲಿ ಮೃಗಾಲಯಕ್ಕೆ ಹತ್ತಿರವಿರುವ ವಸತಿಗೃಹಕ್ಕೆ ಫೋನು ಮಾಡಿದ.

ಎರಡು ವಾರದ ಮೇಲೆ ಬಂದಾಗ ಮೈಸೂರಿನ ಮೇಲೆ ಅಡ್ಡಗೀಟು ಬಿದ್ದಿತ್ತು.

"ಇದೆಂತು?" ಸುದರ್ಶನ ಕೇಳಿದ. ಅಮೂಲ್ಯಾ ದೋಸೆಗೆ ಬೆಲ್ಲ ಹಚ್ಚಿಕೊಳ್ಳುತ್ತಿದ್ದಳು.

"ಪಂಜರದಲ್ಲಿ ಇಟ್ರೆ ಪ್ರಾಣಿಗೆ ಬೇಜಾರಾಗ್ತು. ನಮ್ಮ ಟೀಚರ್ ಹೇಳಿದ್ದು."

"ಶಿವಮೊಗ್ಗದ ಪ್ರಾಣಿಗೆ ಬೇಜಾರಾಗ್ತಿಲ್ಯಾ?"

ಅವಳು ಬೆಲ್ಲದ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು.

"ಹುಲಿ ಪಿಲಿಕುಳದಲ್ಲೂ ಇದ್ದು," ಎಂದರು ತ್ರ್ಯಂಬಕ, ತಮಗೇನೂ ನಷ್ಟವಿಲ್ಲ ಎಂಬ ಹಾಗೆ.

"ನಿಂಗ ಸುಮ್ನಿರಿ," ಎಂದಳು ಮಹಾಲಕ್ಷ್ಮೀ.

ಏಪ್ರಿಲಿನ ಎರಡನೆಯ ಶನಿವಾರ ಶಿವಮೊಗ್ಗವೂ ಹೋಗಿತ್ತು, ಮಂಗಳೂರೂ ಹೋಗಿತ್ತು. ಘಟ್ಟದ ದಾರಿಯಲ್ಲಿ ವಾಂತಿ ಬರುತ್ತದೆ, ಮಂಗಳೂರಿನಲ್ಲಿ ಸೆಕೆ. ಕಾರವಾರ ಒಂದೇ ಉಳಿದಿತ್ತು.

"ಕಾರವಾರ ಚಂದವೇ," ಎಂದ ಸುದರ್ಶನ. ಧ್ವನಿ ಆಗಲೇ ಬಿಗಿಯಾಗಿತ್ತು. "ಆದ್ರೆ ಮೀನು ನೋಡಲೆ ಒಂದು ತಾಸು ಸಾಕು. ಸಂಜೆಗೆ ಮನೆ. ಹತ್ತು ದಿನ ಇದ್ದಲೆ ಕೂಸೇ."

"ಅಷ್ಟೇ ಸಾಕು."

"ಎಂತಕ್ಕೆ ಸಾಕು? ಯನ್ನ ಸಂಗಡ ನಾಕು ದಿನ ಇಪ್ಪದು ಅಷ್ಟು ಕಷ್ಟವಾ? ಅಮ್ಮ ಹೇಳಿಕೊಟ್ಟಿದ್ದಾ ಹೀಂಗೆ ಹೇಳು ಹೇಳಿ?"

ಅಮೂಲ್ಯಾಳ ಕೈ ಊಟದ ಬಟ್ಟಲಲ್ಲೇ ನಿಂತಿತು. "ಅಮ್ಮಂಗೆ ಗೊತ್ತೇ ಇಲ್ಲೆ," ಎಂದಳು. ಎದ್ದು ಹೋಗಿ ಕೈ ತೊಳೆದಳು. ಅರ್ಧ ಊಟ ಹಾಗೇ ಉಳಿಯಿತು.

"ಉಂಬ ಮಗುನ ಎಬ್ಬಿಸ್ತ ನೋಡು," ಎಂದು ಮಹಾಲಕ್ಷ್ಮೀ ಮಗನ ಮೇಲೆ ರೇಗಿದಳು. ಸುದರ್ಶನ ತನ್ನ ಬಟ್ಟಲನ್ನೂ ತಳ್ಳಿ ಎದ್ದ.

ಮರುದಿನ ಬೆಳಿಗ್ಗೆ ಅಜ್ಜಿ, ಮೊಮ್ಮಗಳು ಹಿತ್ತಿಲ ಜಗಲಿಯಲ್ಲಿ ಹಲಸಿನ ಹಪ್ಪಳ ಮಾಡುತ್ತ ಕೂತರು. ಮಹಾಲಕ್ಷ್ಮೀ ಉಂಡೆ ಕಟ್ಟಿ ಕೊಡುವಳು, ಅಮೂಲ್ಯಾ ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತುವಳು. ಸುದರ್ಶನ ಅಂಗಡಿಗೆ ಹೋಗಿದ್ದ. ಭಾನುವಾರ ಅರ್ಧ ದಿನ ತೆಗೆಯುತ್ತಿದ್ದ.

"ಅಜ್ಜಿ, ಒಬ್ರಿಗೆ ಅನ್ನ ಮಾಡಕ್ಕಾದ್ರೆ ಎಷ್ಟು ಅಕ್ಕಿ ಹಾಕಕ್ಕು?"

"ಒಂದು ಮುಷ್ಟಿ ಮೇಲೆ ಸ್ವಲ್ಪ. ಎಂತಕ್ಕೆ?"

"ಅಷ್ಟು ಕಮ್ಮಿ ಹಾಕಿದ್ರೆ ಕುಕ್ಕರಲ್ಲಿ ತಳ ಹಿಡೀತಾ?"

"ಸಣ್ಣ ಪಾತ್ರೆಲಿ ಮಾಡಕ್ಕು. ಯಾರಿಗೆ ಕೂಸೇ?"

ಅಮೂಲ್ಯಾ ಹಪ್ಪಳದ ಅಂಚು ಸರಿಮಾಡಿದಳು. "ನಾನು ಇಲ್ಲಿ ಬಂದ ದಿನ ಅಮ್ಮ ಅಡುಗೆ ಮಾಡ್ತಿಲ್ಲೆ."

"ಹಾಂಗೆ ಹೇಳಿ ಹೇಳಿದ್ದಾ?"

"ಹೇಳ್ತಿಲ್ಲೆ. ಶನಿವಾರ ಪಾತ್ರೆ ತೊಳ್ದು ಕವುಚಿ ಹಾಕಿ ಬತ್ತೆ. ಭಾನುವಾರ ಹೋದ್ರೆ ಎಲ್ಲ ಹಾಂಗೇ ಇರ್ತು. ಒಂದು ಚಾ ಲೋಟ ಮಾತ್ರ ಒದ್ದೆ. ಎಂತ ಉಂಡೆ ಹೇಳಿ ಕೇಳಿದ್ರೆ ಅಮ್ಮ ಸಾರು ಹೇಳ್ತು." ಹಾಳೆಯನ್ನು ಮತ್ತೊಮ್ಮೆ ಒತ್ತಿ ಹೇಳಿದಳು, "ಒಂದು ರಾತ್ರಿ ಆದ್ರೆ ಅಡ್ಡಿಲ್ಲೆ. ಮೈಸೂರಿಗೆ ಹೋದ್ರೆ ಮೂರು ರಾತ್ರಿ. ಹತ್ತು ದಿನ ಆದ್ರೆ ಹತ್ತು."

ಮಹಾಲಕ್ಷ್ಮಿಗೆ ನೋಟ್‌ಬುಕ್ಕಿನ ಕೊನೆಯ ಕಾಲಮ್ಮು ನೆನಪಾಯಿತು. ಕೈ ಒರೆಸಿಕೊಂಡು ಒಳಗೆ ಹೋಗಿ ತೆಗೆದು ನೋಡಿದಳು. 'ರಾ' ಕೆಳಗೆ ಕಾರವಾರಕ್ಕೆ ಸೊನ್ನೆ, ಮಂಗಳೂರಿಗೆ ಒಂದು, ಶಿವಮೊಗ್ಗಕ್ಕೆ ಎರಡು, ಮೈಸೂರಿಗೆ ಮೂರು.

ಅಂದು ಸಂಜೆ ಮಗುವನ್ನು ಬಿಡಲು ಸುದರ್ಶನ ಹೊನ್ನಾವರಕ್ಕೆ ಹೋಗಿ ಬಂದ ಮೇಲೆ ಮಹಾಲಕ್ಷ್ಮೀ ಆ ಪುಟವನ್ನು ಅವನ ಮುಂದಿಟ್ಟಳು. ಹರಿದು ಇಟ್ಟುಕೊಂಡಿದ್ದಳು. ಹಪ್ಪಳ ಒತ್ತುವಾಗ ಅಮೂಲ್ಯಾ ಹೇಳಿದ್ದನ್ನೂ ಹೇಳಿದಳು. ಅವನು ಬಹಳ ಹೊತ್ತು ನೋಡಿದ. "ಆನು ಬಯ್ದುಬಿಟ್ಟೆ ಕೂಸಿಗೆ," ಎಂದ.

ಮುಂದಿನ ಶನಿವಾರ ಅಮೂಲ್ಯಾ ಬರುವ ಪಾಳಿಯಿರಲಿಲ್ಲ. ಆದರೂ ಮಹಾಲಕ್ಷ್ಮೀ ಅವತ್ತೇ ಶ್ರೀಗೌರಿಗೆ ಫೋನು ಮಾಡಿದಳು. ಎರಡು ವರ್ಷದಲ್ಲಿ ಮೊದಲ ಸಲ.

"ಅತ್ತೆ?" ಎಂದಳು ಶ್ರೀಗೌರಿ. ಬಾಯಿಗೆ ರೂಢಿಯಾದ ಮಾತು ಬಂದುಬಿಟ್ಟಿತ್ತು.

"ಹ್ಞಾಂ, ಆನೇ. ಊಟ ಆತಾ?"

"ಆತು."

"ಕೂಸು ಇಲ್ಲದ ದಿನ ಎಂತ ಉಣ್ತೆ?"

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಅದು ಬಂದಮೇಲೆ ಪಾತ್ರೆ ಮುಟ್ಟಿ ನೋಡ್ತು ಶ್ರೀಗೌರಿ. ಯಾವುದು ಒದ್ದೆ ಇದ್ದು ಹೇಳಿ. ಅದಕ್ಕೇ ಮೈಸೂರು ಬ್ಯಾಡ ಹೇಳ್ತು."

"ಆನು ಅದರ ಹತ್ರ ಮಾತಾಡ್ತೆ," ಎಂದು ಶ್ರೀಗೌರಿ ಫೋನಿಟ್ಟಳು.

ನಾಲ್ಕನೆಯ ಶನಿವಾರ ಹೊನ್ನಾವರದಲ್ಲಿ ಅವಳೇ ಮಾತು ತೆಗೆದಳು. "ಅಮೂಲ್ಯಾ ಮೈಸೂರಿಗೆ ಬತ್ತು. ಆನು ಹೇಳಿದ್ದೆ. ದಿನಾ ಎರಡು ಹೊತ್ತು ಊಟದ ಫೋಟೋ ಕಳಿಸ್ತೆ ಹೇಳಿ ಒಪ್ಪಂದ."

"ಆತು," ಎಂದ ಸುದರ್ಶನ. ಇನ್ನೇನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು ತಿರುಗಿ ಹೊರಟಿದ್ದಳು.

ಅಂದು ರಾತ್ರಿ ಫೋಟೋ ಬಂತು. ಅನ್ನ, ಬೆಂಡೆಕಾಯಿ ಪಲ್ಯ, ತಂಬುಳಿ. ಅಮೂಲ್ಯಾ ಎಲ್ಲರಿಗೂ ತೋರಿಸಿದಳು. ಅಜ್ಜ, "ಪಲ್ಯ ಚೊಲೋ ಆದಂಗೆ ಕಾಣ್ತು," ಎಂದರು. ಭಾನುವಾರ ಮಧ್ಯಾಹ್ನ ಇನ್ನೊಂದು ಬಂತು. ಅನ್ನ, ತೊಗರಿಬೇಳೆ ಸಾರು, ಮಾವಿನ ಮಿಡಿ. ಅಮೂಲ್ಯಾ ಊಟಕ್ಕೆ ಕೂತವಳು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಮತ್ತೆ ನೋಡಿದಳು.

"ಇದು ಇವತ್ತಿಂದಲ್ಲ."

"ಹೆಂಗೆ ಹೇಳ್ತೆ?" ಎಂದ ಸುದರ್ಶನ.

"ಬಟ್ಟಲ ಪಕ್ಕ ನನ್ನ ಹಳದಿ ಕ್ಲಿಪ್ಪಿದ್ದು." ತಲೆ ತಿರುಗಿಸಿ ತೋರಿಸಿದಳು. ಕ್ಲಿಪ್ಪು ಅವಳ ಜಡೆಯಲ್ಲಿತ್ತು. "ಶುಕ್ರವಾರ ಇದೇ ಸಾರು ಮಾಡಿತ್ತು. ಆಗಲೇ ತೆಗೆದಿಟ್ಟಿದ್ದು."

ಅವಳು ಅಳಲಿಲ್ಲ. ಮೊಬೈಲನ್ನು ಬೋರಲಾಗಿ ಇಟ್ಟು ಅನ್ನ ಕಲಸಿದಳು.

"ಕಾರವಾರಕ್ಕೇ ಹೋಪನ," ಎಂದ ಸುದರ್ಶನ ಮೆಲ್ಲಗೆ. "ಬೆಳಿಗ್ಗೆ ಹೋಗಿ ಸಂಜೆ ನಿನ್ನ ಭಟ್ಕಳಕ್ಕೇ ಬಿಡ್ತೆ."

ತ್ರ್ಯಂಬಕರಿಗೆ ಸಿಟ್ಟು ಬಂತು. "ಹತ್ತು ದಿನ ಹೇಳಿ ಕೋರ್ಟು ಬರೆದು ಕೊಟ್ಟಿದ್ದು. ವರ್ಷಕ್ಕೆ ಒಂದೇ ಸಲ ಮಗಳ ಸಂಗಡ ಇಪ್ಪ ಹತ್ತು ದಿನ. ಅದನ್ನೂ ಬಿಟ್ಟುಕೊಡ್ತ್ಯಾ? ದೊಡ್ಡವರು ಉಣ್ತಿಲ್ಲೆ ಹೇಳಿ ಮಕ್ಕಳು ತಿರುಗಾಟ ಬಿಡಕ್ಕಾ?"

"ಮತ್ತೆಂತ ಮಾಡ್ಲಿ? ಅಳಿಸ್ತಾ ಕರ್ಕಂಡು ಹೋಗ್ಲಾ?"

"ಶ್ರೀಗೌರಿ ತಪ್ಪಿಗೆ ನೀನು—"

"ಆನು ಭಟ್ಕಳಕ್ಕೆ ಹೋಗ್ತೆ," ಎಂದಳು ಮಹಾಲಕ್ಷ್ಮೀ.

ಮೂವರೂ ಅವಳ ಕಡೆ ನೋಡಿದರು.

"ನಿಂಗ ಮೂರೂ ಜನ ಹೋಗಿ ಬನ್ನಿ. ಅಷ್ಟು ದಿನ ಆನು ಅಲ್ಲಿರ್ತೆ. ಅದು ಉಂಬದು ಆನು ನೋಡ್ಕತ್ತೆ."

"ಅದು ಬಾ ಹೇಳಕ್ಕಲೆ?" ಎಂದರು ತ್ರ್ಯಂಬಕ.

"ಹೇಳ್ದಿದ್ರೂ ಹೋಗ್ತೆ."

ಶ್ರೀಗೌರಿ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. "ಅಮೂಲ್ಯಾ ಹೇಳಿದ್ರೆ ಆತು," ಎಂದಳು. ಹತ್ತು ದಿನದ ಬದಲು ಐದು ದಿನ, ಅದೂ ಪ್ರವಾಸಕ್ಕೆ ಮಾತ್ರ ಎಂದಾಯಿತು. ರೈಲಿನಲ್ಲಿ ಮಂಗಳೂರಿಗೆ ಹೋಗಿ ಪಿಲಿಕುಳ, ಅಲ್ಲಿಂದ ಬಸ್ಸಿನಲ್ಲಿ ಮೈಸೂರು, ಬರುವಾಗ ಶಿವಮೊಗ್ಗ. ಅಡ್ಡಗೀಟು ಬಿದ್ದ ಮೂರು ಜಾಗವೂ ಮತ್ತೆ ಸೇರಿದವು. ಕಾರವಾರದ ಮೀನು ದಸರಾ ರಜೆಗೆ ಎಂದು ಅಮೂಲ್ಯಾಳೇ ತೀರ್ಮಾನಿಸಿದಳು.

ಭಟ್ಕಳದ ಮನೆ ಮಹಡಿಯ ಮೇಲಿತ್ತು. ಎರಡು ಕೋಣೆ, ಒಂದು ಸಣ್ಣ ಅಡುಗೆಮನೆ. ಮಹಾಲಕ್ಷ್ಮೀ ಮೆಟ್ಟಿಲ ಬುಡದಲ್ಲಿ ಚೀಲ ಇಳಿಸಿ ಸುಧಾರಿಸಿಕೊಳ್ಳುವಾಗ ಕೆಳಗಿನ ಮನೆಯ ನವಾಯತಿ ಮುಸ್ಲಿಂ ಹೆಂಗಸು ಹೊರಗೆ ಬಂದು, "ಟೀಚರ್ ಅಮ್ಮನಾ ನೀವು?" ಎಂದು ಕೇಳಿದಳು.

ಅಮ್ಮನಲ್ಲ. ಅತ್ತೆಯೂ ಈಗ ಅಲ್ಲ. "ಬೇಕಾದವರು," ಎಂದಳು ಮಹಾಲಕ್ಷ್ಮೀ.

"ಒಳ್ಳೇದಾಯ್ತು ಬಂದಿದ್ದು. ಟೀಚರ್ ಒಬ್ರೇ ಇದ್ರೆ ಮೇಲೆ ಸದ್ದೇ ಇರಲ್ಲ."

ರಜೆಯಾದರೂ ಶ್ರೀಗೌರಿಗೆ ಮನೆಮನೆ ಸಮೀಕ್ಷೆಯ ಕೆಲಸವಿತ್ತು. ಬೆಳಿಗ್ಗೆ ಎಂಟಕ್ಕೆ ಕೊಡೆ ಹಿಡಿದು ಹೊರಟರೆ ಎರಡು ಗಂಟೆಗೆ ಬೆವರಿ ಬರುತ್ತಿದ್ದಳು. ಮೊದಲ ದಿನ ಬಡಿಸಿದ್ದನ್ನು ಮರ್ಯಾದೆಗೆ ಉಂಡಳು. "ಉಪ್ಪು ಸರಿಯಿದ್ದಾ?" "ಸರಿಯಿದ್ದು." ಅಷ್ಟೇ ಮಾತು. ರಾತ್ರಿ ಅವಳು ತನ್ನ ಕೋಣೆಯಲ್ಲಿ ಸಮೀಕ್ಷೆಯ ಕಾಗದ ತುಂಬುತ್ತ ಕೂತಳು. ಮಹಾಲಕ್ಷ್ಮೀ ಹೊರಗೆ ಚಾಪೆ ಹಾಸಿಕೊಂಡು ಮಲಗಿದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಇದ್ದರೂ ಕೆಳಗಿನವಳಿಗೆ ಮೇಲಿನ ಸದ್ದು ಕೇಳಿರಲಾರದು.

ಎರಡನೆಯ ದಿನ ಮಹಾಲಕ್ಷ್ಮೀ ಹೊತ್ತು ಹೋಗದೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದು ಬೇರೆ ಸಾಲಿನಲ್ಲಿ ಜೋಡಿಸಿದಳು. ಶ್ರೀಗೌರಿ ಬಂದು ನೀರು ಕುಡಿಯಲು ಒಳಗೆ ಹೋದವಳು ಅಲ್ಲೇ ನಿಂತಳು.

"ಡಬ್ಬ ಎಲ್ಲ ಎಂತಕ್ಕೆ ತೆಗೆದ್ರಿ?"

"ಜಿಡ್ಡಾಗಿತ್ತು. ತೊಳೆದಿಟ್ಟೆ."

"ಅಲ್ಲೂ ಹೀಂಗೇ ಆಗ್ತಿತ್ತು," ಎಂದಳು ಶ್ರೀಗೌರಿ. ಬಿಸಿಲಿಗೆ ಅವಳ ಮುಖ ಕೆಂಪಗಾಗಿತ್ತು. "ಆನು ಇಟ್ಟದ್ದು ಇಟ್ಟಲ್ಲಿ ಇರ್ತಿತ್ತಿಲ್ಲೆ. ಶಾಲೆಯಿಂದ ಏಳು ಗಂಟೆಗೆ ಬಂದ್ರೆ ನಿಂಗ ಒಂದು ಮಾತು ಆಡ್ತಿದ್ರಿಲ್ಲೆ. ಪಾತ್ರೆ ಕುಕ್ಕಿ ಇಡ್ತಿದ್ರಿ. ಒಂದೂವರೆ ವರ್ಷ ಆನು ಆ ಪಾತ್ರೆ ಸಪ್ಪಳ ಕೇಳಿದ್ದೆ. ಬಯ್ದಿದ್ರಾದ್ರೂ ಅಡ್ಡಿರಲಿಲ್ಲೆ."

"ಯಂಗೆ ಆಗ ಸಿಟ್ಟಿತ್ತು. ಮಗು ಯನ್ನ ಮೇಲೆ, ಅಡುಗೆ ಯನ್ನ ಮೇಲೆ."

"ಹಾಂಗೆ ಹೇಳಕ್ಕಾಗಿತ್ತು."

"ಹೌದು, ಹೇಳಕ್ಕಾಗಿತ್ತು."

ಶ್ರೀಗೌರಿ ಇನ್ನಷ್ಟು ಜಗಳ ನಿರೀಕ್ಷಿಸಿದ್ದಳು. ಮುದುಕಿ ಒಪ್ಪಿಕೊಂಡುಬಿಟ್ಟದ್ದರಿಂದ ನೀರಿನ ಕಡೆ ತಿರುಗಿ ಲೋಟ ತುಂಬಿಸಿ ಕುಡಿದಳು.

"ಹಸಿವಾಗ್ತು ಅತ್ತೆ," ಎಂದಳು ಗೋಡೆಗೆ ಒರಗಿ. "ಕೂಸು ಇಲ್ಲದ ದಿನವೂ ಹಸಿವಾಗ್ತು. ಆದ್ರೆ ಒಲೆ ಹಚ್ಚಲೆ ಕೈ ಬತ್ತಿಲ್ಲೆ. ಯಾರಿಗೆ ಹೇಳಿ ಬಡಿಸ್ಕಂಬದು? ಒಂದೇ ಬಟ್ಟಲು ಎದುರಿಗೆ ಇಟ್ಕಂಡು ಕೂತ್ರೆ ತುತ್ತು ಇಳೀತಿಲ್ಲೆ."

ಮಹಾಲಕ್ಷ್ಮೀ ಎರಡು ಬಟ್ಟಲು ಇಟ್ಟಳು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಉಂಡರು. ಶ್ರೀಗೌರಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಉಂಡಾದ ಮೇಲೆ ಡಬ್ಬಗಳನ್ನು ಒಂದೊಂದಾಗಿ ಹಳೆಯ ಜಾಗಕ್ಕೆ ಇಟ್ಟಳು. ಮಹಾಲಕ್ಷ್ಮೀ ಕೆಳಗಿನಿಂದ ಎತ್ತಿ ಕೊಟ್ಟಳು.

ಮೂರನೆಯ ದಿನ ಮೈಸೂರಿನಿಂದ ವಿಡಿಯೋ ಕರೆ ಬಂತು. ತೆರೆಯ ತುಂಬ ಜಿರಾಫೆಯ ಕಾಲು, ಆಮೇಲೆ ಎಲ್ಲೋ ಮೇಲೆ ತಲೆ.

"ಅಮ್ಮ, ಅದರ ನಾಲಿಗೆ ಕಪ್ಪು! ನೋಡು ನೋಡು, ಸೊಪ್ಪು ಎಳೀತು!" ಎಂದು ಅಮೂಲ್ಯಾ ಕೂಗುತ್ತಿದ್ದಳು. ಹಿಂದೆಯೇ, "ಊಟ ಆತಾ?"

"ಈಗ ಕೂರ್ತ್ಯ. ಅಜ್ಜಿ ಹಾಗಲಕಾಯಿ ಗೊಜ್ಜು ಮಾಡಿದ್ದು."

"ಅಜ್ಜಿ, ಹೌದಾ?"

"ಹೌದು ಕೂಸೇ. ನಿನ್ನೆ ಅನ್ನ ಎರಡು ಸಲ ಹಾಕಿಸ್ಕಂಡತು."

ತ್ರ್ಯಂಬಕರು ಮೊಬೈಲು ಕಿತ್ತುಕೊಂಡರು. "ಹುಲಿ ಮನಗಿತ್ತು ಮಾರಾಯ್ತಿ. ಬರೀ ಬೆನ್ನು ಕಂಡತು!"

ನಗುವಾಗ ಶ್ರೀಗೌರಿ ತೆರೆಯ ಅಂಚಿನಲ್ಲಿ ಸುದರ್ಶನನನ್ನು ಕಂಡಳು. ಅವನು ಮಗಳ ಚೀಲ, ನೀರಿನ ಬಾಟಲಿ, ಟೊಪ್ಪಿ ಎಲ್ಲ ಹಿಡಿದುಕೊಂಡು ಬೇಲಿಯ ಪಕ್ಕ ನಿಂತಿದ್ದ. ಅವಳು ಮೊಬೈಲನ್ನು ಮಹಾಲಕ್ಷ್ಮಿಯ ಕಡೆ ತಿರುಗಿಸಿದಳು.

ಐದನೆಯ ದಿನ ಸಂಜೆ ಶಿವಮೊಗ್ಗದ ಬಸ್ಸು ಘಟ್ಟ ಇಳಿದು ಹೊನ್ನಾವರಕ್ಕೆ ಬಂತು. ಶ್ರೀಗೌರಿ, ಮಹಾಲಕ್ಷ್ಮೀ ಭಟ್ಕಳದಿಂದ ಬಂದು ಒಂದೇ ಬೆಂಚಿನಲ್ಲಿ ಕಾಯುತ್ತಿದ್ದರು. ಅಮೂಲ್ಯಾ ಇಳಿದವಳೇ ತಾಯಿಯ ಎದುರು ನಿಂತು ಅವಳ ಕೆನ್ನೆ, ಕೈ ನೋಡಿದಳು, ಔಷಧದ ಅಂಗಡಿಯಲ್ಲಿ ತಂದೆ ರೋಗಿಯನ್ನು ನೋಡುವ ಹಾಗೆ. ಆಮೇಲೆ ಅಪ್ಪಿಕೊಂಡಳು.

"ಹತ್ತರಲ್ಲಿ ಇನ್ನೂ ಐದು ದಿನ ಇದ್ದು," ಎಂದಳು ಶ್ರೀಗೌರಿ, ಸುದರ್ಶನನಿಗೆ. "ಬೇಕಾದ್ರೆ—"

ಅವನು ಮಗಳ ಕಡೆ ನೋಡಿದ. ಅವಳು ತಾಯಿಯ ಸೀರೆಯ ಸೆರಗು ಹಿಡಿದು, ಅವನ ಕಡೆಗೂ ನೋಡುತ್ತಿದ್ದಳು. ಏನು ಹೇಳಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಅದನ್ನು ಅವಳಿಂದ ಹೇಳಿಸಲು ಅವನಿಗೆ ಮನಸ್ಸಾಗಲಿಲ್ಲ.

"ಬ್ಯಾಡ. ಕರ್ಕಂಡು ಹೋಗು. ದಣಿದಿದ್ದು ಅದು."

ಭಟ್ಕಳದ ಬಸ್ಸು ಮೊದಲು ಬಂತು. ಅಮೂಲ್ಯಾ ಕಿಟಕಿಯಿಂದ ತಲೆ ಹೊರಹಾಕಿ, "ಅಪ್ಪ, ಜಿರಾಫೆ ಫೋಟೋ ಕಳಿಸು, ಮರೀಬ್ಯಾಡ!" ಎಂದಳು. ಬಸ್ಸು ಶರಾವತಿ ಸೇತುವೆಯ ಕಡೆ ತಿರುಗುವವರೆಗೂ ಸುದರ್ಶನ ಕೈ ಎತ್ತಿಕೊಂಡೇ ಇದ್ದ.

ಕುಮಟೆಯ ಬಸ್ಸಿನಲ್ಲಿ ತ್ರ್ಯಂಬಕರಿಗೆ ಮುಂದೆ ಜಾಗ ಸಿಕ್ಕಿತು. ಪಕ್ಕದವನಿಗೆ ಹುಲಿಯ ಕಥೆ ಹೇಳತೊಡಗಿದರು. ತಾಯಿ, ಮಗ ಹಿಂದೆ ಕೂತರು. ಹಳದೀಪುರ ದಾಟಿದ ಮೇಲೆ ಸುದರ್ಶನ ತಾಯಿಯ ಕಡೆ ತಿರುಗಿದ.

"ಕೂಸಿನ ಅಮ್ಮ ಹೆಂಗಿದ್ದು ಆಯಿ?"

"ಸೊರಗಿದ್ದು. ಆರಾಮಿದ್ದು."

"ಸಣ್ಣ ಪಾತ್ರೆ ಇದ್ದಾ ಅಲ್ಲಿ?"

"ಒಂದು ತಂದು ಕೊಟ್ಟಿಕ್ಕಿ ಬಂದೆ. ಮಾಡ್ಕತ್ತೆ ಹೇಳಿದ್ದು. ನೋಡಕ್ಕು."

ಅವನು ಹೊರಗೆ ನೋಡಿದ. ಗದ್ದೆಗಳ ಆಚೆ ಬೆಳಕು ಇಳಿಯುತ್ತಿತ್ತು.

"ಯನ್ನ ಸುದ್ದಿ ಎಂತಾದ್ರೂ ಕೇಳ್ತಾ?"

ಮಹಾಲಕ್ಷ್ಮೀ ಐದು ದಿನವನ್ನು ನೆನೆಸಿಕೊಂಡಳು. ಶ್ರೀಗೌರಿ ಮಾವನ ಮಂಡಿನೋವು ಕೇಳಿದ್ದಳು. ಹಿತ್ತಿಲ ಬಾವಿಯಲ್ಲಿ ನೀರಿದೆಯೇ ಎಂದು ಕೇಳಿದ್ದಳು. ಪಕ್ಕದ ಮನೆಯ ಸುಕ್ರಿ ಇನ್ನೂ ಹೂವು ತಂದು ಕೊ‌ಡುತ್ತಾಳೆಯೇ ಎಂದೂ ಕೇಳಿದ್ದಳು. ಕೇಳಿದಳು ಎಂದು ಮಗನಿಗೆ ಹೇಳಿಬಿಡುವುದೇನೂ ಕಷ್ಟವಿರಲಿಲ್ಲ.

"ಇಲ್ಲೆ ಮಾಣಿ," ಎಂದಳು.

ಅವನು ತಲೆಯಾಡಿಸಿದ. ತಾಯಿಯ ತೊಡೆಯ ಮೇಲಿದ್ದ ಭಾರದ ಚೀಲವನ್ನು ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡ.